ಮದುವೆ ಎಕ್ಸಿಬಿಷನ್‌ನಲ್ಲಿ ಅಡ್ವಾನ್ಸ್ ಕೊಟ್ಟುಬಿಟ್ಟೆ, ಈಗ ಛತ್ರದವರು ಹೊರಗಿನ ಡೆಕೋರೇಷನ್ ಬೇಡ ಅನ್ನುತ್ತಿದ್ದಾರೆ

ಮಾಘದ_ಮದುಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ಮದುವೆ ಮಾಘದಲ್ಲಿ, ಅಂದರೆ ಫೆಬ್ರವರಿಗೆ. ಊರು ಹಾಸನ, ಕೆಲಸ ಬೆಂಗಳೂರಲ್ಲಿ. ಲಗ್ನ ಗೊತ್ತಾದ ವಾರದಲ್ಲೇ ಅಪ್ಪ ಹಾಸನದಲ್ಲಿ ಛತ್ರ ಹಿಡಿದುಬಿಟ್ಟರು. ಮಿಕ್ಕಿದ್ದೆಲ್ಲ ನನ್ನ ತಲೆಗೆ. ಫೋಟೋ, ಮೇಕಪ್, ಡೆಕೋರೇಷನ್, ಸೀರೆ. "ನೀನೇ ಬೆಂಗಳೂರಲ್ಲಿ ಇದ್ದೀಯಲ್ಲ, ಚೆನ್ನಾಗಿರೋರನ್ನ ನೋಡು" ಅಂದರು ಅಮ್ಮ.

ಸರಿ ಅಂತ ಹೋದ ಶನಿವಾರ ಅರಮನೆ ಮೈದಾನದಲ್ಲಿ ಒಂದು ಮದುವೆ ಎಕ್ಸಿಬಿಷನ್‌ಗೆ ಹೋದೆ. ಭಾನುವಾರ ಒಂದು ಹೋಟೆಲ್ಲಿನ ಹಾಲ್‌ನಲ್ಲಿ ಇನ್ನೊಂದು. ಬಾಗಿಲಲ್ಲೇ ಹೆಸರು, ಫೋನ್ ನಂಬರು, ಮದುವೆ ತಾರೀಕು ಬರೆಸಿಕೊಂಡರು, ಅಲ್ಲಿಂದ ಇವತ್ತಿನವರೆಗೆ ಫೋನ್ ನಿಂತಿಲ್ಲ, ಆಫೀಸ್ ಮೀಟಿಂಗ್‌ನಲ್ಲಿ ಕೂತಿದ್ದರೂ "ಮೇಡಂ ಹನಿಮೂನ್ ಪ್ಯಾಕೇಜ್" ಅಂತ ಯಾರೋ ಒಬ್ಬರು.

ತಪ್ಪು ಮಾಡಿದ್ದು ಮೊದಲನೇ ದಿನವೇ. ಒಂದು ಡೆಕೋರೇಷನ್ ಸ್ಟಾಲ್‌ನಲ್ಲಿ ಬಾಳೆಕಂಬ, ಹಿತ್ತಾಳೆ ಗಂಟೆ, ಚೆಂಡುಹೂವಿನ ಪರದೆ ಎಲ್ಲ ಇಟ್ಟು ಮಂಟಪ ಮಾಡಿದ್ದರು. ನೋಡಿ ಕರಗಿಹೋದೆ. "ಇವತ್ತೇ ಬುಕ್ ಮಾಡಿದರೆ 20 ಪರ್ಸೆಂಟ್ ಕಡಿಮೆ" ಅಂದರು. 10,000 ರೂಪಾಯಿ ಅಲ್ಲೇ ಫೋನಿನಿಂದ ಕಳಿಸಿದೆ. ರಾತ್ರಿ ಅಪ್ಪನಿಗೆ ಹೇಳಿದರೆ ಅವರು ಛತ್ರದವರನ್ನು ಕೇಳಿದ್ದಾರೆ. ಡೆಕೋರೇಷನ್ ನಮ್ಮವರೇ ಮಾಡಬೇಕು, ಹೊರಗಿನವರಿಗೆ ಬಿಡಲ್ಲ ಅಂತ ಉತ್ತರ! "ಅವರ" ಡೆಕೋರೇಷನ್ ಫೋಟೋ ನೋಡಿದೆ. ಥರ್ಮಾಕೋಲ್ ನವಿಲು, ನೇರಳೆ ಲೈಟು. ಅತ್ತುಬಿಡೋಣ ಅನ್ನಿಸಿತು.

ದುಡ್ಡು ವಾಪಸ್ ಬರುತ್ತದಾ? ಬೆಂಗಳೂರಿನವರನ್ನು ಹಾಸನಕ್ಕೆ ಕರೆದುಕೊಂಡು ಹೋಗುವುದು ಬುದ್ಧಿವಂತಿಕೆಯಾ? ಧಾರೆ ಸೀರೆಯನ್ನು ಎಕ್ಸಿಬಿಷನ್‌ನಲ್ಲಿ ತಗೋಬಹುದಾ? ಬೈಯುವುದಿದ್ದರೆ ಬೈಯಿರಿ, ಅಮ್ಮ ಆಗಲೇ ಶುರು ಮಾಡಿದ್ದಾರೆ.

ನಲವತ್ತು_ಶೀಟು:

ಮೇಡಂ, ನಾನು ಮೈಸೂರಿನವನು, ಹದಿನೈದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಎರಡು ಸಲ ಇಂಥ ಕಡೆ ಸ್ಟಾಲ್ ಕೂಡ ಹಾಕಿದ್ದೇನೆ, ಹಾಗಾಗಿ ಮೇಜಿನ ಆ ಕಡೆಯ ಮಾತು ಹೇಳುತ್ತೇನೆ.

ಸ್ಟಾಲ್ ಬಾಡಿಗೆ, ಟಿವಿ, ಬ್ಯಾನರ್, ಹುಡುಗರ ಊಟ ಎಲ್ಲ ಸೇರಿ ಕೈಯಿಂದ ಹೋದ ದುಡ್ಡು ಆ ಎರಡು ದಿನದಲ್ಲೇ ಹುಟ್ಟಬೇಕು. "ಇವತ್ತೇ" ಅನ್ನುವುದು ಅದಕ್ಕೆ. ಒಂದು ವಾರ ಬಿಟ್ಟು ಫೋನ್ ಮಾಡಿ, ಬಹಳಷ್ಟು ಜನ ಅದೇ ರೇಟಿಗೆ ಒಪ್ಪುತ್ತಾರೆ. ಈಗ ಆಷಾಢ ಬೇರೆ. ಒಂದೂ ಮದುವೆ ಇಲ್ಲ. ಲೆನ್ಸ್ ಒರೆಸಿಕೊಂಡು ಕೂತಿದ್ದೇವೆ. ಚೌಕಾಸಿ ಮಾಡುವುದಿದ್ದರೆ ಇದೇ ಕಾಲ, ಶ್ರಾವಣ ಬಂದರೆ ನಮ್ಮ ಧ್ವನಿಯೇ ಬದಲಾಗುತ್ತದೆ.

ಸ್ಟಾಲ್‌ನಲ್ಲಿ ಇಟ್ಟ ಆಲ್ಬಂ ನೋಡಿ ಯಾರನ್ನೂ ಗೊತ್ತು ಮಾಡಬೇಡಿ. ಅದು ಹತ್ತು ಮದುವೆಯಿಂದ ಆರಿಸಿದ್ದು, ನಾನೂ ಹಾಗೇ ಇಟ್ಟಿದ್ದೆ. "ಒಂದೇ ಮದುವೆ, ಶುರುವಿಂದ ಕೊನೆವರೆಗೆ ತೋರಿಸಿ" ಅಂತ ಕೇಳಿ. ಅದರಲ್ಲೂ ಟ್ಯೂಬ್‌ಲೈಟ್ ಛತ್ರದ ರಿಸೆಪ್ಷನ್ ಫೋಟೋ, ಊಟದ ಪಂಕ್ತಿ ಫೋಟೋ ನೋಡಿ. ರೆಸಾರ್ಟ್‌ನಲ್ಲಿ ಸಂಜೆ ಬೆಳಕಿಗೆ ಯಾರು ತೆಗೆದರೂ ಚೆನ್ನಾಗಿ ಬರುತ್ತದೆ.

ಎರಡನೆಯದು, ಅವತ್ತು ಕ್ಯಾಮೆರಾ ಹಿಡಿದು ಬರುವವರು ಯಾರು? ಒಳ್ಳೆ ಮುಹೂರ್ತದ ದಿನ ಒಂದೇ ಹೆಸರಿನಲ್ಲಿ ನಾಲ್ಕೈದು ಮದುವೆ ಒಪ್ಪಿಕೊಂಡು ದಿನದ ಲೆಕ್ಕದ ಹುಡುಗರನ್ನು ಕಳಿಸುವವರು ಇದ್ದಾರೆ. ಆ ಹುಡುಗರೂ ಚೆನ್ನಾಗಿ ತೆಗೆಯಬಹುದು, ಆದರೆ ನೀವು ದುಡ್ಡು ಕೊಟ್ಟಿದ್ದು ಬೇರೆಯವರ ಕೈಗೆ, ಅಲ್ವಾ? ಕೊಟೇಷನ್‌ನಲ್ಲೇ ಅವರ ಹೆಸರು ಬರೆಸಿ. ಎಷ್ಟು ಶೀಟಿನ ಆಲ್ಬಂ, ಹೆಚ್ಚಾದರೆ ಒಂದು ಶೀಟಿಗೆ ಎಷ್ಟು, ಎಲ್ಲ ಫೋಟೋಗಳನ್ನೂ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಡುತ್ತಾರಾ, ಅದನ್ನೂ ಬರೆಸಿ. ಸ್ವಲ್ಪ ದುಡ್ಡು ಆಲ್ಬಂ ಕೈಗೆ ಬಂದ ಮೇಲೇ ಕೊಡಿ. ಆಲ್ಬಂ ತಡ ಆಗುವುದು ಅರ್ಧ ನಮ್ಮಿಂದ, ಇನ್ನರ್ಧ ಫೋಟೋ ಆರಿಸದೆ ಆರು ತಿಂಗಳು ಕೂರುವ ನಿಮ್ಮಿಂದ. ಇದನ್ನೂ ಹೇಳಲೇಬೇಕು.

ಹಾಸನಕ್ಕೆ ಬೆಂಗಳೂರಿನ ಟೀಮ್ ತಪ್ಪೇನಲ್ಲ. ಗಾಡಿ, ರೂಮು ಯಾರ ಲೆಕ್ಕ ಅಂತ ಮೊದಲೇ ಆಗಲಿ. ಹಾಸನದಲ್ಲೂ ಒಳ್ಳೆಯವರು ಇದ್ದಾರೆ, ಅವರು ಎಕ್ಸಿಬಿಷನ್‌ಗೆ ಬರುವುದಿಲ್ಲ ಅಷ್ಟೇ.

ಮಗಳ_ಮದುವೆ_ಮುಗಿಸಿದವನು:

ತಾಯಿ, ಅಳಬೇಡ. ಹೋದ ವೈಶಾಖದಲ್ಲಿ ನನ್ನ ಮಗಳ ಮದುವೆ ಮಾಡಿದೆ. ನಮ್ಮ ಛತ್ರದವರೂ ಇದೇ ರಾಗ ಹಾಡಿದರು. "ಬಿಡಲ್ಲ" ಅಂದರೆ ಬಹಳ ಸಲ "ನಮಗೂ ಏನಾದರೂ ಕೊಟ್ಟರೆ ಬಿಡುತ್ತೇವೆ" ಅಂತ ಅರ್ಥ. ಕೂತು ಮಾತಾಡಿದ ಮೇಲೆ ಒಂದಿಷ್ಟು ದುಡ್ಡು ಕಟ್ಟಿಸಿಕೊಂಡು ಹೊರಗಿನವರಿಗೆ ಬಿಟ್ಟರು. ನಿಮ್ಮ ಅಪ್ಪ ಫೋನಿನಲ್ಲಿ ಕೇಳಿದ್ದು ಅನಿಸುತ್ತದೆ. ನೇರ ಹೋಗಿ ಕೇಳಲಿ. ಹೋದಾಗಲೇ ಇನ್ನಷ್ಟು ಕೇಳಿಬಿಡಲಿ: ಕರೆಂಟು ಯೂನಿಟ್ ಲೆಕ್ಕವಾ, ಜನರೇಟರ್ ಗಂಟೆಗೆ ಎಷ್ಟು, ಕ್ಲೀನಿಂಗ್ ಬೇರೆಯಾ, ಪಾತ್ರೆ ಕಳೆದರೆ ಹೇಗೆ, ಮಾರನೇ ದಿನ ಎಷ್ಟು ಗಂಟೆಗೆ ಖಾಲಿ ಮಾಡಬೇಕು. ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯಾ ಇಲ್ಲವಾ ಅಂತಲೂ. 18 ಪರ್ಸೆಂಟ್ ಅಂದರೆ ಕಡಿಮೆ ಮಾತಲ್ಲ, ನನಗೆ ಕೊನೆಯ ಬಿಲ್ಲಿನಲ್ಲಿ ಗೊತ್ತಾಗಿದ್ದು.

ನೀನು ಅಡುಗೆ ವಿಷಯ ಕೇಳಲೇ ಇಲ್ಲ. ಮದುವೆಗೆ ಬಂದವರು ಮಂಟಪ ಮರೆಯುತ್ತಾರೆ, ಸಾರು ಮರೆಯುವುದಿಲ್ಲ. ಎಕ್ಸಿಬಿಷನ್‌ನಲ್ಲಿ ಕೇಟರಿಂಗ್‌ನವರು ಅಂಗೈಯಗಲದ ತಟ್ಟೆಯಲ್ಲಿ ಒಂದು ಚಿರೋಟಿ ಚೂರು ಕೊಡುತ್ತಾರೆ, ಅದು ಏನೂ ಹೇಳುವುದಿಲ್ಲ. ಶ್ರಾವಣದಲ್ಲಿ ಅವರು ಅಡುಗೆ ಮಾಡುವ ಯಾವುದಾದರೂ ಮದುವೆಗೆ ಹೇಳಿಸಿಕೊಂಡು ಹೋಗಿ, ಮೂರನೇ ಪಂಕ್ತಿಯಲ್ಲಿ ಕೂತು ಊಟ ಮಾಡಿ. ಮೊದಲನೇ ಪಂಕ್ತಿಯಲ್ಲಿ ಎಲ್ಲರ ಸಾರೂ ಚೆನ್ನಾಗಿರುತ್ತದೆ. ಎಲೆ ಲೆಕ್ಕಕ್ಕೆ ಮಾತಾಡಿದರೆ ಕಡಿಮೆ ಎಂದರೆ ಎಷ್ಟು ಎಲೆ ಅಂತ ಅವರು ಒಂದು ಸಂಖ್ಯೆ ಹಾಕುತ್ತಾರೆ. 600 ಅಂದು ಒಪ್ಪಿಕೊಂಡು 450 ಜನ ಬಂದರೂ 600ಕ್ಕೇ ದುಡ್ಡು. ಎಲೆ ಎಣಿಸಲು ನಮ್ಮ ಕಡೆಯವರು ಒಬ್ಬರು ಇರಲೇಬೇಕು. ನಾನು ನನ್ನ ಭಾವನನ್ನು ಕೂರಿಸಿದ್ದೆ, ಪುಣ್ಯಾತ್ಮ ಎಲೆ ಕಟ್ಟುಗಳನ್ನು ಮೊದಲೂ ಎಣಿಸಿದ, ಆಮೇಲೂ ಎಣಿಸಿದ, ಧಾರೆ ನೋಡಲಿಲ್ಲ ಪಾಪ.

ನಿಮ್ಮ ಕಡೆ ಬೀಗರೂಟ ಇದ್ದರೆ ಈ ಛತ್ರದಲ್ಲಿ ಮಾಂಸದ ಅಡುಗೆಗೆ ಬಿಡುತ್ತಾರಾ ಅಂತಲೂ ಈಗಲೇ ಕೇಳಿ. ಎಷ್ಟೋ ಕಡೆ ಬಿಡುವುದಿಲ್ಲ.

ಸೆರಗಿನ_ಕುಚ್ಚು:

ನಾನು ಸೀರೆಗೆ ಮಾತ್ರ ಉತ್ತರ ಕೊಡುತ್ತೇನೆ, ಬೇರೆ ಯಾವುದರಲ್ಲೂ ನನಗೆ ತಲೆ ಓಡುವುದಿಲ್ಲ.

ತಂಗಿ, ಎಕ್ಸಿಬಿಷನ್‌ನಲ್ಲಿ ಸೀರೆ ತಗೋಬಾರದು ಅಂತ ಏನಿಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ನಡೆಯುವ ಕೈಮಗ್ಗದ ಮೇಳಗಳಲ್ಲಿ ನೇಯ್ದವರೇ ಕೂತಿರುವುದು ಉಂಟು, ಅಲ್ಲಿ ನಾನೇ ಮೊಳಕಾಲ್ಮೂರು ಸೀರೆ ತಗೊಂಡಿದ್ದೇನೆ. ಆದರೆ ಮದುವೆ ಎಕ್ಸಿಬಿಷನ್ ಅಂತ ನಡೆಯುವ ಕಡೆ ಬಿಳಿ ಫೋಕಸ್ ಲೈಟಿನ ಕೆಳಗೆ ಎಲ್ಲವೂ ಕಾಂಚೀಪುರಂ ಥರವೇ ಹೊಳೆಯುತ್ತದೆ. "ಸೆಮಿ ಸಿಲ್ಕ್", "ಆರ್ಟ್ ಸಿಲ್ಕ್" ಅಂದರೆ ರೇಷ್ಮೆ ಅಲ್ಲ ಅಂತಲೇ ಇಟ್ಟುಕೊಳ್ಳಿ. ಆರ್ಟ್ ಅಂದರೆ ಕಲೆ ಅಂದುಕೊಂಡು ನಮ್ಮ ಚಿಕ್ಕಮ್ಮ ಎರಡು ಸೀರೆ ತಂದಿದ್ದರು, ಅದು ಆರ್ಟಿಫಿಶಿಯಲ್ ಅನ್ನುವುದರ ಮೊದಲರ್ಧ.

ಸಿಲ್ಕ್ ಮಾರ್ಕ್ ಲೇಬಲ್ ನೋಡಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ್ದು. ಟ್ರಾಫಿಕ್‌ನಲ್ಲಿ ನಾವೆಲ್ಲ ಶಾಪ ಹಾಕುವ ಅದೇ ಸಿಲ್ಕ್ ಬೋರ್ಡ್! ಆ ಲೇಬಲ್ ರೇಷ್ಮೆ ಶುದ್ಧ ಅಂತ ಮಾತ್ರ ಹೇಳುತ್ತದೆ. ಜರಿ ಅಸಲಿಯಾ, ಕೈಮಗ್ಗದ್ದಾ ಅಂತ ಹೇಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಅನುಮಾನ ಬಂದರೆ ಸೆರಗಿನ ತುದಿಯಿಂದ ಒಂದೆರಡು ಎಳೆ ಕೇಳಿ ತಂದು ಮನೆಯಲ್ಲಿ ಸುಟ್ಟು ನೋಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿ ಆಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮಣಿಯಾಗುತ್ತದೆ.

ಅಸಲಿ ಜರಿಯೇ ಬೇಕು, ತಲೆನೋವು ಬೇಡ ಅಂದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಗೆ ಹೋಗಿ ಮೈಸೂರು ಸಿಲ್ಕ್ ತಗೊಳ್ಳಿ. 1912ರಿಂದ ನಡೆಯುತ್ತಿರುವ ಮೈಸೂರಿನ ಕಾರ್ಖಾನೆಯದು, ಜರಿಯಲ್ಲಿ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ. ಬೇಕಾದ ಬಣ್ಣಕ್ಕೆ ಸಾಲು ನಿಲ್ಲಬೇಕಾಗುತ್ತದೆ, ಅದಕ್ಕೆ ಈಗಿನಿಂದಲೇ ಓಡಾಡಿ. ಬ್ಲೌಸಿನ ಮಗ್ಗಂ ವರ್ಕ್‌ಗೂ ಟೈಮ್ ಬೇಕು.

ಒಡವೆ ಸ್ಟಾಲ್‌ನಲ್ಲಿ ಚಿನ್ನ ನೋಡಿದರೆ ಒಡವೆ ಮೇಲೆ ಕೆತ್ತಿರುವ ಆರು ಅಕ್ಷರ-ಅಂಕಿಯ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆ ಬೇರೆ ಇರುವ ಹಾಲ್‌ಮಾರ್ಕ್ ಗುರುತು) ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಹೊಸ ಹಾಲ್‌ಮಾರ್ಕ್ ಒಡವೆಗೆ 2023ರ ಏಪ್ರಿಲ್ 1ರಿಂದ ಅದು ಇರಲೇಬೇಕು.

ಮಾಘದ_ಮದುಮಗಳು:

ಅಂಕಲ್, ಮೂರನೇ ಪಂಕ್ತಿ ಮಾತು ಅಮ್ಮನಿಗೆ ಓದಿ ಹೇಳಿದೆ, "ಇವರು ತಿಳಿದವರು" ಅಂದರು. ಬೀಗರೂಟ ಇದೆ, ಗಂಡಿನ ಮನೆಯವರು ಬೇರೆ ಕಡೆ ಮಾಡುತ್ತಾರೆ. ಅಪ್ಪ ನಾಳೆ ಛತ್ರಕ್ಕೆ ಹೋಗುತ್ತಾರೆ. ಅಡ್ವಾನ್ಸ್ ರಸೀದಿ ತೆಗೆದು ನೋಡಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ವಾಪಸ್ ಕೊಡಲ್ಲ ಅಂತ ಇದೆ. ಏನು ಮಾಡಲಿ? ಮೇಕಪ್ ಬಗ್ಗೆ ಯಾರಾದರೂ ಹೇಳಿ.

ಜೀರಿಗೆ_ಬೆಲ್ಲ:

ನಾನು ಮೂರು ತಿಂಗಳ ಹಿಂದೆ ಮದುವೆ ಆದವಳು. ಎಲ್ಲರೂ ಎಕ್ಸಿಬಿಷನ್‌ಗೆ ಬೈಯುತ್ತಿದ್ದೀರಲ್ಲ, ನನಗೆ ಮೇಕಪ್‌ನವರು ಸಿಕ್ಕಿದ್ದು ಅಲ್ಲೇ. ಬಂಗಾರದಂಥ ಹುಡುಗಿ. ಆದರೆ ಸ್ಟಾಲ್‌ನಲ್ಲಿ ಮಾತಾಡಿ ಕಾರ್ಡ್ ತಗೊಂಡು ಬಂದೆ, ಅಷ್ಟೇ. ಆಮೇಲೆ ದುಡ್ಡು ಕೊಟ್ಟು ಟ್ರಯಲ್ ಮಾಡಿಸಿಕೊಂಡೆ. ಬೆಳಿಗ್ಗೆ ಹಾಕಿಸಿಕೊಂಡು ಇಡೀ ದಿನ ಹಾಗೇ ಇದ್ದೆ, ಬಸ್ಸಿನಲ್ಲಿ ಬಂದೆ, ಅಡುಗೆ ಮಾಡಿದೆ, ಸಂಜೆ ಕನ್ನಡಿ ನೋಡಿದೆ. ಹೋಮದ ಹೊಗೆಗೆ ಕಣ್ಣಲ್ಲಿ ನೀರು ಬರುತ್ತದೆ ಅಕ್ಕ, ಅಪ್ಪ ಧಾರೆ ಎರೆಯುವಾಗ ಇನ್ನೂ ಬರುತ್ತದೆ. ಅದಕ್ಕೆ ನಿಲ್ಲುವ ಮೇಕಪ್ ಬೇಕು.

ಯಾರೂ ಹೇಳದ ಒಂದು ವಿಷಯ ಕೂದಲು. ನಮ್ಮ ಕಡೆ ಹಿಂದಿನ ರಾತ್ರಿಯೇ ರಿಸೆಪ್ಷನ್. ಹನ್ನೊಂದು ಗಂಟೆವರೆಗೆ ಸ್ಪ್ರೇ ಹೊಡೆದ ಗುಂಗುರು ಕೂದಲು, ಬೆಳಗಿನ ಜಾವ ಮಂಗಳಸ್ನಾನ. ಆ ಸ್ಪ್ರೇ ತೊಳೆಯಬೇಕು, ಒಣಗಿಸಬೇಕು, ಮೊಗ್ಗಿನ ಜಡೆ ಕಟ್ಟಬೇಕು, ಸೀರೆ ಉಡಿಸಬೇಕು. ನಿಮ್ಮ ಮುಹೂರ್ತ ಎಷ್ಟಕ್ಕೆ ಅಂತ ಮೊದಲು ಹೇಳಿ, "ರಾತ್ರಿ ಎಷ್ಟು ಗಂಟೆಗೆ ಎಬ್ಬಿಸುತ್ತೀರಾ" ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅವರಿಗೆ ನಮ್ಮ ಕಡೆಯ ಮದುವೆ ಅಭ್ಯಾಸ ಇಲ್ಲ ಅಂತ. ರಾತ್ರಿ ಹಾಸನದಲ್ಲೇ ಉಳಿಯುವವರನ್ನೇ ಗೊತ್ತು ಮಾಡಿ, ಅಷ್ಟು ಹೊತ್ತಿಗೆ ಬೆಂಗಳೂರಿಂದ ಹೊರಟು ಬರುತ್ತೇನೆ ಅನ್ನುವವರು ಬೇಡವೇ ಬೇಡ. ಮಾಘದಲ್ಲಿ ಮಲ್ಲಿಗೆ ಮೊಗ್ಗಿಗೆ ಬೆಂಕಿ ಬೆಲೆ, ಜಡೆಗೆ ಹೂವು ಅವರದಾ ನಿಮ್ಮದಾ ಅಂತಲೂ ಆಗಿಬಿಡಲಿ.

ಅಡ್ವಾನ್ಸ್‌ಗೆ ಬಂದರೆ, ಮೊದಲು ಸಮಾಧಾನವಾಗಿ ವಾಟ್ಸಾಪ್‌ನಲ್ಲಿ ಬರೆದು ಕೇಳಿ, ಬರಹದಲ್ಲಿ ಇರಲಿ. ದುಡ್ಡು ಕೊಡದಿದ್ದರೂ ಬೇರೆ ಕಾರ್ಯಕ್ಕೆ ಹೊಂದಿಸಿಕೊಡಿ ಅನ್ನಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಮಾಘದ_ಮದುಮಗಳು:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನದ ಸುದ್ದಿ ಹೇಳುತ್ತೇನೆ.

ಅಪ್ಪ ನೇರ ಹೋಗಿ ಕೂತು ಮಾತಾಡಿದರು. ಹೊರಗಿನವರಿಗೆ ಬಿಡುವುದಕ್ಕೆ ಛತ್ರದವರು ಕೇಳಿದ ದುಡ್ಡು ಕೇಳಿ ಅಪ್ಪನೇ ಎದ್ದು ಬಂದರು. ಬರುವಾಗ ಅಲ್ಲಿನ ಡೆಕೋರೇಷನ್ ಹುಡುಗನನ್ನು ಹಿಡಿದು "ನವಿಲು ಬೇಡಪ್ಪ, ಬಾಳೆಕಂಬ, ಮಾವಿನ ಸೊಪ್ಪು, ಚೆಂಡುಹೂವು ಸಾಕು" ಅಂದಿದ್ದಾರೆ. ಆ ಹುಡುಗ ಖುಷಿಯಾಗಿ "ಸರ್, ಅದೇ ಸುಲಭ, ಯಾರೂ ಕೇಳಲ್ಲ" ಅಂದನಂತೆ. ನಾನು ಎಕ್ಸಿಬಿಷನ್‌ನಲ್ಲಿ ತೆಗೆದ ಫೋಟೋ ಅವನಿಗೇ ಕಳಿಸಿದ್ದೇನೆ.

ಬೆಂಗಳೂರಿನ ಡೆಕೋರೇಷನ್‌ನವರು ದುಡ್ಡು ಕೊಡಲಿಲ್ಲ. ಮದುವೆ ಆದ ಮುಂದಿನ ಭಾನುವಾರ ಗಂಡಿನ ಮನೆಯವರು ಬೆಂಗಳೂರಲ್ಲಿ ಒಂದು ಸಣ್ಣ ರಿಸೆಪ್ಷನ್ ಇಟ್ಟುಕೊಂಡಿದ್ದಾರೆ, ಅದಕ್ಕೆ ಹೊಂದಿಸಿಕೊಳ್ಳಲು ಒಪ್ಪಿದರು. ಪದೇ ಪದೇ ಕೇಳಿ, 20 ಪರ್ಸೆಂಟ್ ಕಡಿಮೆಯೂ ಹಾಗೇ ಉಳಿಸಿಕೊಂಡೆ. ಈ ಸಲ ಆ ಹಾಲ್‌ನವರನ್ನು ಕೇಳಿದ ಮೇಲೇ ಹೂಂ ಅಂದಿದ್ದು.

ಫೋಟೋಗೆ ಹಾಸನದ ಒಬ್ಬರು ಸಿಕ್ಕಿದ್ದಾರೆ, ನಮ್ಮ ಪಕ್ಕದ ಬೀದಿಯ ಮದುವೆಯದು ಪೂರ್ತಿ ತೋರಿಸಿದರು, ಊಟದ ಪಂಕ್ತಿ ಸಮೇತ. ಮೇಕಪ್‌ನವರಿಗೆ ಮುಹೂರ್ತ ಬೆಳಿಗ್ಗೆ 6.10ಕ್ಕೆ ಅಂದೆ. ಮರುಮಾತಿಲ್ಲದೆ "ಎರಡೂವರೆಗೆ ತಲೆಸ್ನಾನ ಮುಗಿದಿರಬೇಕು" ಅಂದರು. ಅವರನ್ನೇ ಗೊತ್ತು ಮಾಡಿದೆ. ಎರಡೂವರೆಗೆ ಬಿಸಿನೀರು ಕಾಯಿಸುವವರು ಯಾರು ಅಂತ ಮನೆಯಲ್ಲಿ ಈಗ ಜಗಳ ನಡೆಯುತ್ತಿದೆ.