ರೂಮ್‌ಮೇಟ್‌ನ ಛಲ, ನನ್ನ ಅಳುಕು

ಬಂಧುಗಳೇ,

ನಾನು ಜರ್ಮನಿಯ ಮ್ಯೂನಿಕ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು. ಪತಿ ಮತ್ತು ಎಂಟು ವರ್ಷದ ಮಗಳು ಇನ್ನೂ ಮೈಸೂರಿನಲ್ಲಿದ್ದಾರೆ. ಮೂವರಿಗೆ ಸಾಲುವಂಥ ಮನೆ ಸಿಗುವವರೆಗೆ ಬಾಡಿಗೆಯ ಹೊರೆ ಹಗುರವಾಗಲೆಂದು ಎರಡು ಕೋಣೆಯ ಈ ಮನೆಯನ್ನು ಹಾವೇರಿ ಜಿಲ್ಲೆಯ ಹುಡುಗಿಯೊಬ್ಬಳೊಡನೆ ಹಂಚಿಕೊಂಡಿದ್ದೇನೆ. ಆಕೆಗೆ ಇಪ್ಪತ್ತಮೂರು ವರ್ಷ, ಇಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ, ಬೆಳೆಸಿ ದೊಡ್ಡವರನ್ನಾಗಿ ಮಾಡಿರುವ ನಿಮ್ಮೆದುರು ಆಕೆಯ ವಿಷಯವನ್ನು ಇಡಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ಇಲ್ಲಿನ ಲೆಕ್ಕದಲ್ಲಿ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಒಟ್ಟು 120 ಕ್ರೆಡಿಟ್. ಸೆಮಿಸ್ಟರ್‌ಗೆ 30, ಪ್ರತಿ ಕ್ರೆಡಿಟ್‌ಗೆ ಸುಮಾರು 30 ಗಂಟೆಯ ಓದು. ಅಂದರೆ ನಿಯಮದಂತೆ ನಡೆದವರಿಗೂ ಆರು ತಿಂಗಳಲ್ಲಿ 900 ಗಂಟೆಯ ದುಡಿಮೆ ಕಾದಿರುತ್ತದೆ. ಈ ಹುಡುಗಿ ಕಳೆದ ಸೆಮಿಸ್ಟರ್‌ನಲ್ಲಿ 42 ಕ್ರೆಡಿಟ್ ತೆಗೆದುಕೊಂಡಳು. ಅದರ ಮೇಲೆ ಒಂದು ಕಂಪನಿಯಲ್ಲಿ ವಾರಕ್ಕೆ 20 ಗಂಟೆಯ ಕೆಲಸ, ವಾರದಲ್ಲಿ ಮೂರು ಸಂಜೆ ಜರ್ಮನ್ ಭಾಷೆಯ ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟದ, ತರಗತಿ. ಬೆಳಗಿನ ನಾಲ್ಕೂವರೆಗೆ ಆಕೆಯ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ. ಅಮ್ಮ ಕಳಿಸಿದ ಗುರೆಳ್ಳು ಚಟ್ನಿಯನ್ನು ಬ್ರೆಡ್ಡಿಗೆ ಸವರಿಕೊಂಡು ನಿಂತಲ್ಲೇ ತಿನ್ನುತ್ತಾ, ಇನ್ನೊಂದು ಕೈಯಲ್ಲಿ ಪದಗಳ ಚೀಟಿಗಳನ್ನು ತಿರುವಿಹಾಕುತ್ತಿರುತ್ತಾಳೆ. ಬಂದ ಮೊದಲ ತಿಂಗಳು ಅಂಗಡಿಯಲ್ಲಿ ಹಾಲು ಕೇಳಲು ತಡವರಿಸುತ್ತಿದ್ದವಳು, ಮೊನ್ನೆ ನನ್ನ ಬಾಡಿಗೆ ಕರಾರಿನ ತಕರಾರನ್ನು ಮನೆಯ ಮಾಲೀಕರೊಡನೆ ಜರ್ಮನ್‌ನಲ್ಲೇ ಮಾತನಾಡಿ ಬಗೆಹರಿಸಿದಳು. ಅಂದು ನನಗಾದ ಹೆಮ್ಮೆ ಸ್ವಂತ ತಂಗಿಯ ಗೆಲುವನ್ನು ಕಂಡಷ್ಟೇ ಇತ್ತು.

ಆಕೆಯ ಅವಸರವನ್ನು ದುರಾಸೆ ಎಂದು ಯಾರೂ ತಿಳಿಯಬಾರದು. ವೀಸಾಕ್ಕಾಗಿ ಮೊದಲೇ ಬ್ಯಾಂಕ್ ಖಾತೆಯಲ್ಲಿ ತೋರಿಸಿ ಇಡಬೇಕಾದ 11,904 ಯೂರೋ ಹಣಕ್ಕೂ ಪ್ರಯಾಣಕ್ಕೂ ಊರಿನ ಹೊಲವನ್ನು ಒತ್ತೆಯಿಟ್ಟು ಸಾಲ ಮಾಡಿದ್ದಾರೆ. ಆ ಖಾತೆಯಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಈ ಊರಿನಲ್ಲಿ ಅದರ ಬಹುಪಾಲು ಕೋಣೆಯ ಬಾಡಿಗೆಗೇ ಹೋಗುತ್ತದೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಗಡುವು. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದವರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ, ಸಿಕ್ಕಿದರೆ ಕಾಯಂ ನಿವಾಸಕ್ಕೆ 27 ತಿಂಗಳು, ಭಾಷೆ ಬಿ2ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ1 ಮಟ್ಟಕ್ಕೆ ಬಂದಿದ್ದರೆ 21 ತಿಂಗಳು. ಈ ಅಂಕಿಗಳನ್ನೆಲ್ಲ ಆಕೆ ದೊಡ್ಡ ಹಾಳೆಯೊಂದರ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಾಳೆ. ಸ್ವಲ್ಪ ನಿಧಾನಿಸು ಎಂದು ಒಮ್ಮೆ ಹೇಳಿದಾಗ, "ನಾ ಇಲ್ಲಿ ಒಂದು ಸೆಮಿಸ್ಟರ್ ನಿಂತ್ರ, ಊರಾಗ ಹೊಲ ನಿಲ್ಲೂದಿಲ್ಲಕ್ಕಾ" ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಫೆಬ್ರುವರಿಯ ಪರೀಕ್ಷೆಯ ವಾರದಲ್ಲಿ ಆಕೆಗೆ 39 ಡಿಗ್ರಿ ಸೆಲ್ಸಿಯಸ್ (ಸುಮಾರು 102 ಫ್ಯಾರನ್‌ಹೀಟ್) ಜ್ವರ ಬಂತು. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಆ ಪರೀಕ್ಷೆಯಿಂದ ಹಿಂದೆ ಸರಿಯಬಹುದು, ಅದು ಸೋಲೆಂದು ದಾಖಲಾಗುವುದಿಲ್ಲ. ಇದು ನನಗಿಂತ ಚೆನ್ನಾಗಿ ಆಕೆಗೇ ಗೊತ್ತಿತ್ತು. ಆದರೂ ಎರಡು ಮಾತ್ರೆ ನುಂಗಿ, ಹಿಮದಲ್ಲಿ ನಡೆದುಹೋಗಿ ಬರೆದು ಬಂದಳು. ಪರೀಕ್ಷೆಯಲ್ಲಿ ಉತ್ತಮ ಅಂಕವೇ ಬಂತು. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಅಂದು ತೊಂದರೆಯಾಗಿದ್ದರೆ ದೇಹಕ್ಕೂ ಒಂದು ಮಿತಿಯಿದೆ ಎಂಬುದು ಆಕೆಗೆ ಅರಿವಾಗುತ್ತಿತ್ತೇನೋ. ಗೆದ್ದದ್ದರಿಂದ, ಜ್ವರವನ್ನೂ ಹೀಗೆ ದಾಟಿಬಿಡಬಹುದೆಂಬ ಪಾಠ ಕಲಿತಂತಾಯಿತು. ವಿದ್ಯಾರ್ಥಿಗಳಿಗಾಗಿಯೇ ಇರುವ ಕಲ್ಯಾಣ ಸಂಸ್ಥೆಯಲ್ಲಿ ಉಚಿತವಾಗಿ ಆಪ್ತಸಲಹೆ ಸಿಗುತ್ತದೆಂದು ತಿಳಿಸಿದೆ. ನನಗೇನೂ ಆಗಿಲ್ಲವಲ್ಲಕ್ಕಾ ಎಂದು ನಕ್ಕಳು.

ನನ್ನ ಅಳುಕಿಗೆ ಇನ್ನೊಂದು ಕಾರಣವೂ ಇದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೆಯ ತರಗತಿಯ ಮೇ ತಿಂಗಳಿನಲ್ಲೇ, ಜರ್ಮನ್, ಗಣಿತ ಮತ್ತು ಪರಿಸರ ವಿಷಯಗಳ ಸರಾಸರಿಯನ್ನು ನೋಡಿ ಮಗು ಯಾವ ಬಗೆಯ ಶಾಲೆಗೆ ಹೋಗಬೇಕೆಂಬ ಶಿಫಾರಸು ಬರೆಯುತ್ತಾರೆ. ವಿಶ್ವವಿದ್ಯಾಲಯದ ಓದಿಗೆ ನೇರವಾಗಿ ಅಣಿಗೊಳಿಸುವ ಶಾಲೆಯಾದ ಗಿಮ್ನಾಸಿಯಂಗೆ 2.33 ಅಥವಾ ಅದಕ್ಕಿಂತ ಕಡಿಮೆ ಸರಾಸರಿ ಬೇಕು. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಮುಂದೆ ಬೇರೆ ದಾರಿಗಳಿಂದಲೂ ವಿಶ್ವವಿದ್ಯಾಲಯ ಸೇರಬಹುದೆಂದು ಗೊತ್ತಿದ್ದರೂ, ಹತ್ತು ವರ್ಷದ ಮಗುವಿಗೆ ಅದೊಂದು ಹೊಸ್ತಿಲೇ ಸರಿ. ನನ್ನ ಮಗಳು ಬರುವ ಆಗಸ್ಟ್‌ನಲ್ಲಿ ಇಲ್ಲಿಗೆ ಬರುತ್ತಾಳೆಂದು ತಿಳಿದ ಮೇಲೆ ಈ ಹುಡುಗಿ, ತನಗೇ ಸಮಯವಿಲ್ಲದಿದ್ದರೂ, ಪ್ರತಿ ಭಾನುವಾರ ವೀಡಿಯೊ ಕರೆಯಲ್ಲಿ ಅವಳಿಗೆ ಜರ್ಮನ್ ಕಲಿಸತೊಡಗಿದಳು. ನಾನು ಕೃತಜ್ಞತೆಯಿಂದ ತುಂಬಿಹೋದೆ. ಒಂದು ತಿಂಗಳಾದ ಮೇಲೆ ಪತಿ ಫೋನ್ ಮಾಡಿ, ಮಗು ಸಂಜೆ ಆಡಲು ಹೊರಗೆ ಹೋಗುತ್ತಿಲ್ಲ, "ನನಗೆ 2.33 ಬರದಿದ್ದರೆ ಅಮ್ಮನಿಗೆ ಬೇಜಾರಾಗುತ್ತಾ" ಎಂದು ಕೇಳಿದಳು ಎಂದರು. ಅದನ್ನು ಹುಡುಗಿಗೆ ಹೇಳಿದಾಗ ಆಕೆಯ ಮುಖ ಬಾಡಿತು. ಮುಂದಿನ ವಾರದಿಂದ ಪಾಠದ ಬದಲು ಹಾಡು, ಒಗಟು ಹೇಳಿಕೊಡತೊಡಗಿದಳು. ಮಗುವಿನ ವಿಷಯದಲ್ಲಿ ಇಷ್ಟು ಬೇಗ ಅರ್ಥಮಾಡಿಕೊಂಡವಳು ತನ್ನ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಸಡಿಲಿಸುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ರಾತ್ರಿಯ ಅನ್ನ ಸಾರು ಇಬ್ಬರಿಗೂ ಸೇರಿಸಿಯೇ ಮಾಡುತ್ತೇನೆ, ಕೂತು ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎನ್ನುತ್ತೇನೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ, ಪಾಠ ಮುಗಿದ ಮೇಲೆ ಈಸಾರ್ ನದಿಯ ದಂಡೆಯಲ್ಲಿ ಒಂದು ಗಂಟೆ ನಡೆದು ಬರೋಣವೆಂದು ಕರೆದೊಯ್ಯುತ್ತೇನೆ. ಮೊದಮೊದಲು ಗಡಿಯಾರ ನೋಡುತ್ತಲೇ ನಡೆಯುತ್ತಿದ್ದಳು; ಈಗ ಕೆಲವೊಮ್ಮೆ ಊರಿನ ಜಾತ್ರೆಯ ಕಥೆ ಹೇಳುತ್ತಾಳೆ.

ಕಳೆದ ಭಾನುವಾರ ಅಲ್ಲಿಂದಲೇ ಮನೆಗೆ ಫೋನ್ ಮಾಡಿ, ಮಾತಿನ ನಡುವೆ ಫೋನನ್ನು ನನ್ನ ಕೈಗೆ ಕೊಟ್ಟಳು. "ಮಗಳು ಹೊತ್ತಿಗೆ ಸರಿಯಾಗಿ ಉಣ್ತಾಳೇನವ್ವಾ?" ಎಂದು ಆ ತಾಯಿ ಕೇಳಿದರು. ಜ್ವರದ ಸಂಗತಿ ಅವರಿಗೆ ತಿಳಿದಿರಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೂಂ ಎಂದೆ.

ಅಂದಿನಿಂದ ಆ ಒಂದು ಹೂಂ ನನ್ನನ್ನು ಕಾಡುತ್ತಿದೆ. ಹೇಳಿದರೆ ಸಾಲದ ಚಿಂತೆಯಲ್ಲಿರುವ ಅವರಿಗೆ ಇನ್ನೊಂದು ಸಂಕಟ ಕೊಟ್ಟಂತೆ. ಹುಡುಗಿ ನನ್ನ ಮೇಲಿಟ್ಟ ನಂಬಿಕೆಯೂ ಹೋಗುತ್ತದೆ. ಜುಲೈಯಲ್ಲಿ ಮತ್ತೆ ಪರೀಕ್ಷೆಗಳಿವೆ, ಆಗಸ್ಟ್‌ನಲ್ಲಿ ನಾನು ಬೇರೆ ಮನೆಗೆ ಹೋಗುತ್ತೇನೆ, ಆಮೇಲೆ ರಾತ್ರಿ ಊಟಕ್ಕೆ ಕರೆಯುವವರು ಆಕೆಗೆ ಯಾರೂ ಇರುವುದಿಲ್ಲ. ನಿಮ್ಮಲ್ಲಿ ಇಂಥ ಮಕ್ಕಳ ತಾಯಿ ತಂದೆಯರು ಇದ್ದೀರಿ, ಇಂಥ ದಿನಗಳನ್ನು ತಾವೇ ದಾಟಿ ಬಂದವರೂ ಇದ್ದೀರಿ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಆ ತಾಯಿಗೆ ಏನು ಹೇಳುತ್ತಿದ್ದಿರಿ?