ಹೆಡ್‌ಲೈಟ್ ವೈರಿಗೆ ಬೆಸುಗೆ ಹಿಡಿಯುತ್ತಿಲ್ಲ: ಮನೆಯಲ್ಲೇ ಮಾಡಿಕೊಳ್ಳಬಹುದಾದ ಉಪಕರಣ ಇದೆಯೇ?

ಶರಾವತಿ ದಡದವನು (ಹೊನ್ನಾವರ)

ತೆಂಗಿನಕಾಯಿ ಸಾಗಿಸುವ ಹಳೆಯ ವ್ಯಾನ್ ಇದೆ. ಎಡಗಡೆಯ ಹೆಡ್‌ಲೈಟ್ ಮಂಕಾಗಿ ಉರಿಯುತ್ತದೆ. ಚಕ್ರ ಒಂದು ಗುಂಡಿಗೆ ಬಿದ್ದರೆ ಆರುತ್ತದೆ, ಮುಂದಿನ ಗುಂಡಿಗೆ ಹೊತ್ತಿಕೊಳ್ಳುತ್ತದೆ. ದೀಪದ ಹಿಂದೆ ಹುಡುಕಿದಾಗ, ಹಿಂದೆಂದೋ ಯಾರೋ ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಸಿಕ್ಕಿತು. ಒಳಗೆ ತಾಮ್ರ ಹಸಿರುಗಟ್ಟಿದೆ. ಬೆಸೆಯೋಣವೆಂದರೆ ನನ್ನಲ್ಲಿರುವುದು ರೇಡಿಯೊ ರಿಪೇರಿಗೆಂದು ತಂದ 25 ವ್ಯಾಟ್‌ನ ಸೋಲ್ಡರಿಂಗ್ ಐರನ್. ಸೋಲ್ಡರ್ ಕರಗಿ ಉಂಡೆಯಾಗಿ ಉದುರುತ್ತದೆಯೇ ಹೊರತು ತಂತಿಗೆ ಹಿಡಿಯುವುದಿಲ್ಲ. ವ್ಯಾನ್ ನಿಲ್ಲುವ ಕೊಟ್ಟಿಗೆಗೆ ಕರೆಂಟೂ ಇಲ್ಲ, ಉದ್ದನೆಯ ವೈರ್ ಎಳೆದು ತರಬೇಕು. ಟಾರ್ಚ್ ಸೆಲ್ಲಿನೊಳಗಿನ ಇಂಗಾಲದ ಕಡ್ಡಿಯನ್ನು ಬ್ಯಾಟರಿಗೆ ಜೋಡಿಸಿ ಬೆಸೆಯುವ ವಿಡಿಯೊ ನೋಡಿದೆ. ಅದನ್ನು ನಂಬಬಹುದೇ?

ಪೀಣ್ಯ ಇಂಜಿನಿಯರ್

ವಾಹನಕ್ಕೆ ಬೆಸುಗೆಯೇ ಬೇಡ ಎನ್ನುತ್ತೇನೆ. ಸೋಲ್ಡರ್ ಕುಡಿದ ತಂತಿ ಸೆಟೆದುಕೊಳ್ಳುತ್ತದೆ. ಸೆಟೆದ ಭಾಗ ಮುಗಿದು ಮೆದು ಭಾಗ ಶುರುವಾಗುವ ಕಡೆ ಅಲುಗಾಟಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕಾರ್ಖಾನೆಯಲ್ಲಿ ಕ್ರಿಂಪ್ ಮಾಡುವುದು, ಅಂದರೆ ತಂತಿಯನ್ನು ಲೋಹದ ಪುಟ್ಟ ತೋಳಿನೊಳಗೆ (ಕೊಳವೆ) ಇಟ್ಟು ಒತ್ತಿ ಹಿಡಿಸುವುದು, ಸುಮ್ಮನೆ ಅಲ್ಲ. ಒಳ್ಳೆಯ ಕ್ರಿಂಪಿಂಗ್ ಇಕ್ಕಳ ತೆಗೆದುಕೊಳ್ಳಿ.

ಪಿ.ಬಿ. ರಸ್ತೆ ಎಲೆಕ್ಟ್ರಿಷಿಯನ್ (ದಾವಣಗೆರೆ)

ಪೀಣ್ಯದವರು ಹೇಳಿದ್ದು ನಿಜ, ಆದರೆ ಅದು ಅರ್ಧ ನಿಜ. ಕ್ರಿಂಪ್ ಗಟ್ಟಿ ನಿಲ್ಲುವುದು ಅಳತೆಗೆ ಸರಿಯಾದ ತೋಳನ್ನು ಅದಕ್ಕೆಂದೇ ಇರುವ ಇಕ್ಕಳದಲ್ಲಿ ಒತ್ತಿದಾಗ. ರಸ್ತೆ ಬದಿಯ ಕೆಲಸದಲ್ಲಿ ಅದನ್ನು ಕಟಿಂಗ್ ಪ್ಲೇಯರ್‌ನಿಂದ ಜಜ್ಜಿ ಕಳಿಸುತ್ತಾರೆ. ಅಂಥದ್ದನ್ನು ಎಳೆದರೆ ಕೈಗೇ ಬರುತ್ತದೆ. ಅದಕ್ಕಿಂತ ನೆಟ್ಟಗಿನ ಬೆಸುಗೆ ಎಷ್ಟೋ ವಾಸಿ. ಎಳೆ ತುಂಡಾಗುವುದಕ್ಕೂ ಮದ್ದಿದೆ, ಕೊನೆಗೆ ಹೇಳುತ್ತೇನೆ.

ದಡದವರೇ, 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ನಿಮ್ಮ ಐರನ್ನಿನ ಮೊನೆ ಅದಕ್ಕಿಂತ ಬಹಳ ಬಿಸಿ ಇರುತ್ತದೆ, ಆದರೆ ಅಷ್ಟು ಸಣ್ಣ ಮೊನೆಯಲ್ಲಿ ಶಾಖದ ದಾಸ್ತಾನು ಇಲ್ಲ. ದಪ್ಪ ವೈರ್ ಅದನ್ನು ಹೀರಿ ಎರಡೂ ಬದಿಗೆ ಹಂಚಿಬಿಡುತ್ತದೆ. ನಿಮಗೆ ಬೇಕಾಗಿರುವುದು ಹೆಚ್ಚು ಕರೆಂಟ್ ಅಲ್ಲ, ಹೆಚ್ಚು ತಾಮ್ರ.

ಗುಜರಿ ಅಂಗಡಿಯಲ್ಲಿ ಹೆಬ್ಬೆರಳು ದಪ್ಪದ ತಾಮ್ರದ ಸರಳಿನ ತುಂಡು ಕೇಳಿ, ನಾಲ್ಕು ಬೆರಳು ಉದ್ದ ಸಾಕು. ಹಿಂದಿನ ತುದಿಗೆ ತೂತು ಕೊರೆದು ಒಂದು ಮೊಳದ ಕಬ್ಬಿಣದ ಕಡ್ಡಿಯನ್ನು ರಿವೆಟ್ ಮಾಡಿ, ಅದರ ತುದಿಗೆ ಹಳೆಯ ಅರದ ಮರದ ಹಿಡಿ ಹಾಕಿ. ಮುಂದಿನ ತುದಿಯನ್ನು ಇಳಿಜಾರಾಗಿ ಅರೆದು, ಆ ಮುಖದ ನಡುವೆ ವೈರ್ ಕೂರುವಷ್ಟು ತೋಡನ್ನು ಗುಂಡು ಅರದಿಂದ ಎಳೆಯಿರಿ. ಗುಂಡನೆಯ ವೈರ್ ಚಪ್ಪಟೆ ಮುಖಕ್ಕೆ ಒಂದು ಗೆರೆಯಷ್ಟು ತಾಗುತ್ತದೆ, ತೋಡಿನಲ್ಲಾದರೆ ಅರ್ಧ ಮೈ ತಾಗುತ್ತದೆ. ಇಡೀ ಉಪಕರಣದ ಜೀವ ಇರುವುದು ಆ ತೋಡಿನಲ್ಲಿ.

ಆ ತೋಡಿಗೆ ಕಲಾಯಿ ಆಗಬೇಕು. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೇ ಇದಕ್ಕೂ ಬೇಕು. ಕಾದ ತಾಮ್ರವನ್ನು ಅದರ ಮೇಲೆ ತಿಕ್ಕಿ ಸೋಲ್ಡರ್ ತಾಗಿಸಿದರೆ ಬೆಳ್ಳಗೆ ಹರಡಿಕೊಳ್ಳುತ್ತದೆ. ಹೊಗೆ ಮೂಗಿಗೆ ಕೆಟ್ಟದ್ದು, ಬಯಲಲ್ಲಿ ಮಾಡಿ. ನೆನಪಿಡಿ, ನವಸಾಗರ ಉಪಕರಣಕ್ಕೆ ಮಾತ್ರ. ವೈರಿಗೆ ಸೋಕಿದರೆ ಅದೇ ತಾಮ್ರವನ್ನು ತಿನ್ನುತ್ತದೆ. ತಗಡು ಬೆಸೆಯುವ ಆಸಿಡ್ಡಿನ ಕಥೆಯೂ ಅಷ್ಟೇ. ವೈರಿಗೆ ರಾಳ: ಪುಡಿ ಮಾಡಿ ಸ್ಪಿರಿಟ್‌ನಲ್ಲಿ ಕರಗಿಸಿ ಕಡ್ಡಿಯಿಂದ ಹಚ್ಚಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಬಿಸಿ ಹತ್ತಿರ ತನ್ನಿ.

ಕಾಸುವುದು ಅಂಗಳದ ಒಲೆಯಲ್ಲಿ, ವ್ಯಾನಿನಿಂದ ದೂರ. ಕೊಟ್ಟಿಗೆಯಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಅಂದು ಈ ಕೆಲಸವೇ ಬೇಡ. ತಾಮ್ರದ ಅಂಚಿನಲ್ಲಿ ಜ್ವಾಲೆ ಹಸಿರು ತಿರುಗಿದರೆ ಹದ ಬಂದಿತು ಎಂದರ್ಥ. ಕೆಂಪಗಾಗುವವರೆಗೆ ಬಿಟ್ಟರೆ ಕಲಾಯಿ ಸುಟ್ಟು ಕರಿಹೊಪ್ಪಳ ಏಳುತ್ತದೆ, ಮತ್ತೆ ಅರದಿಂದ ಶುರು. ಅಂಗಳದಿಂದ ಕೊಟ್ಟಿಗೆಗೆ ನಡೆದು ಬರುವಷ್ಟು ಹೊತ್ತು ಬಿಸಿ ಧಾರಾಳವಾಗಿ ಉಳಿಯುತ್ತದೆ.

ವೈರಿನ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಸಿರುಗಟ್ಟಿದ ತಂತಿಯನ್ನು ಎಮರಿ ಕಾಗದದಿಂದ ಉಜ್ಜಿ ಸಮಾಧಾನಪಟ್ಟುಕೊಳ್ಳಬೇಡಿ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಕಡಲ ತೀರದ ಗಾಡಿಗಳಲ್ಲಿ ಕಪ್ಪು ಕಿಲುಬು ವೈರಿನ ಕವಚದೊಳಗೆ ಬಹಳ ದೂರ ಓಡಿರುತ್ತದೆ. ವೈರ್ ಗಿಡ್ಡವಾದರೆ ಅದೇ ದಪ್ಪದ ಹೊಸ ತುಂಡು ಸೇರಿಸಿ. ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿ ತಾಗಿದರೆ ಕುಗ್ಗಿ ವೈರಿಗೆ ಬಿಗಿಯುವಂಥದ್ದು) ಮೊದಲೇ ತೂರಿಸಿ ದೂರಕ್ಕೆ ಸರಿಸಿಡಿ. ಎರಡು ತುದಿಗಳನ್ನು ಗುಣಾಕಾರದ ಗುರುತಿನಂತೆ (×) ಅಡ್ಡಲಾಗಿ ಇಟ್ಟು, ಇದರ ತುದಿಯನ್ನು ಅದರ ಮೈಗೆ, ಅದರ ತುದಿಯನ್ನು ಇದರ ಮೈಗೆ ಬಿಗಿಯಾಗಿ ಸುತ್ತಿ. ಬೆಸುಗೆ ಇಲ್ಲದೆಯೂ ಎಳೆದರೆ ಬಿಡಬಾರದು.

ತೋಡನ್ನು ಜೋಡಣೆಯ ಕೆಳಗಿನಿಂದ ಒತ್ತಿ ಹಿಡಿದು, ಸೋಲ್ಡರನ್ನು ಮೇಲಿನಿಂದ ವೈರಿಗೇ ತಾಗಿಸಿ, ಉಪಕರಣಕ್ಕಲ್ಲ. ರಾಳ ಮೊದಲು ಚಿಟಪಟ ಎನ್ನುತ್ತದೆ, ಹೊಗೆ ಏಳುತ್ತದೆ, ಆಮೇಲೆ ಸೋಲ್ಡರ್ ಒಮ್ಮೆಲೇ ಸುತ್ತುಗಳ ಸಂದಿಗೆ ಇಳಿದು ಮಾಯವಾಗುತ್ತದೆ. ಎಳೆಗಳ ಗೆರೆ ಇನ್ನೂ ಕಾಣುತ್ತಿರುವಾಗಲೇ ನಿಲ್ಲಿಸಿ. ದಪ್ಪ ಗಂಟು ನೋಡಲು ಚೆಂದ, ಕೆಲಸಕ್ಕಲ್ಲ. ತಣಿಯುವವರೆಗೆ ಅಲುಗಿಸಬೇಡಿ. ಕಣ್ಣಿಗೆ ಕನ್ನಡಕ ಇರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಸೋಲ್ಡರಿನಲ್ಲಿ ಸೀಸ ಇದೆ.

ಈಗ ಎಳೆ ತುಂಡಾಗುವ ಮಾತು. ಬೆಸೆಯುವಾಗ ಜೋಡಣೆಯ ಎರಡೂ ಬದಿ, ಕವಚದ ಅಂಚಿಗೆ ಒಂದೊಂದು ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿ. ಅವು ಶಾಖ ಹೀರುವುದರಿಂದ ಸೋಲ್ಡರ್ ಕವಚದೊಳಗೆ ಓಡುವುದಿಲ್ಲ. ಕೊಳವೆ ಕುಗ್ಗಿಸಿದ ಮೇಲೆ ಜೋಡಣೆಯ ಆಚೀಚೆ ಎರಡು ಕಡೆ ಪಕ್ಕದ ವೈರ್ ಕಟ್ಟಿಗೆ ಟೈ ಹಾಕಿ. ಬಾಗುವುದಕ್ಕೇ ಆಸ್ಪದವಿಲ್ಲದಿದ್ದರೆ ತುಂಡಾಗುವುದೆಲ್ಲಿಂದ?

ಇಷ್ಟೆಲ್ಲ ಹೆಡ್‌ಲೈಟ್, ಹಾರನ್, ಇಂಡಿಕೇಟರ್‌ಗೆ. ಏರ್‌ಬ್ಯಾಗಿನ ಹಳದಿ ಕವಚದ ವೈರಿಗೆ ಯಾರೂ ಮನೆಯಲ್ಲಿ ಕೈ ಹಾಕಬಾರದು.

ಶರಾವತಿ ದಡದವನು

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು. ತಾಮ್ರದ ತುಂಡು ಪಂಪ್‌ಸೆಟ್ ರಿಪೇರಿಯವರ ಹತ್ತಿರ ಸಿಗಬಹುದು. ಇಂಗಾಲದ ಕಡ್ಡಿಯ ಬಗ್ಗೆ ನೀವು ಏನೂ ಹೇಳಲಿಲ್ಲ. ಕೊಳವೆ ಸಿಗದಿದ್ದರೆ ಟೇಪ್ ನಡೆಯುತ್ತದೆಯೇ?

ಪಿ.ಬಿ. ರಸ್ತೆ ಎಲೆಕ್ಟ್ರಿಷಿಯನ್

ಕಡ್ಡಿ ಕಾಯುವುದು ಹೌದು, ಬೆಸೆಯುವುದೂ ಹೌದು. ಆದರೆ ಗಾಡಿಯಲ್ಲಿರುವ ಬ್ಯಾಟರಿಯಿಂದ ಬೇಡವೇ ಬೇಡ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಅದರ ಪಕ್ಕದಲ್ಲಿ ಕಿಡಿ ಹಾರಿಸಿದರೆ ಬ್ಯಾಟರಿ ಸಿಡಿಯಬಹುದು. ಇನ್ನೊಂದು ತಂತಿಯನ್ನು ಜೋಡಣೆಗೆ ಕಚ್ಚಿಸದೆ ಗಾಡಿಯ ಲೋಹದ ಮೈಗೆ ಕಚ್ಚಿಸಿದಿರೋ, ಕರೆಂಟ್ ವೈರಿಂಗಿನೊಳಗೆಲ್ಲ ದಾರಿ ಹುಡುಕಿಕೊಂಡು ಹೋಗುತ್ತದೆ. ವಿಡಿಯೊದವರು ಮೇಜಿನ ಮೇಲೆ ಎರಡು ತುಂಡು ವೈರ್ ಇಟ್ಟು ತೋರಿಸಿರುತ್ತಾರೆ, ಅವರಿಗೇನು ಹೋಗುತ್ತದೆ!

ಟೇಪ್ ಎಂಜಿನ್ನಿನ ಬಿಸಿಗೆ ಅಂಟು ಬಿಟ್ಟು ಸರಿಯುತ್ತದೆ. ನಿಮ್ಮ ಊರಿನ ಉಪ್ಪುಗಾಳಿಗೆ ಒಳಗೆ ಅಂಟು ಇರುವ ಕೊಳವೆಯೇ ಬೇಕು, ಕಾಸಿದಾಗ ಎರಡೂ ಬಾಯಿಂದ ಅಂಟು ಇಣುಕಿದರೆ ನೀರು ಒಳಗೆ ಹೋಗದು.

ಮುಗಿದ ಮೇಲೆ ದೀಪ ಹಚ್ಚಿಟ್ಟು, ಜೋಡಣೆಯ ಆಚೆ ಈಚೆ ಮಲ್ಟಿಮೀಟರ್ ಹಿಡಿದು ವೋಲ್ಟ್ ನೋಡಿ. ಕೊಳವೆ ಕುಗ್ಗಿಸುವ ಮೊದಲೇ ನೋಡಿಬಿಟ್ಟರೆ ಒಳ್ಳೆಯದು. 55 ವ್ಯಾಟ್‌ನ ದೀಪ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಜೋಡಣೆಯಲ್ಲಿ 0.2 ಓಮ್ ಉಳಿದಿದ್ದರೂ ಅಲ್ಲಿಯೇ 0.9 ವೋಲ್ಟ್ ಹೋಗುತ್ತದೆ, ನಾಲ್ಕು ವ್ಯಾಟ್ ಬಿಸಿಯಾಗಿ ಅಲ್ಲೇ ಕೂರುತ್ತದೆ. ನೆಟ್ಟಗಿನ ಬೆಸುಗೆಯಲ್ಲಿ ಕೆಲವೇ ಮಿಲಿವೋಲ್ಟ್ ಕಾಣಬೇಕು. ಅಷ್ಟಾದರೂ ದೀಪ ಮಂಕಾಗಿದ್ದರೆ ಎಡಗಡೆಯ ಅರ್ತಿಂಗ್ ಬೋಲ್ಟ್ ಬಿಚ್ಚಿ ತುಕ್ಕು ಕೆರೆಯಿರಿ.