ಇಲಿಗೆ ಗಡ್ಡೆ ಬಂದ ಔಷಧ ನಮಗೂ ಅಪಾಯವಾ? ಅನುಭವ ಇದ್ದವರು ಹೇಳಿ

ಯಾದಗಿರಿ ರೈತ: ಮೆಣಸಿನಕಾಯಿಗೆ ಐದು ವರ್ಷದಿಂದ ಫಿಪ್ರೊನಿಲ್ ಅನ್ನೋ ಕೀಟನಾಶಕ ಹೊಡೆಯುತ್ತಿದ್ದೇನೆ. ಅದನ್ನು ತಿನ್ನಿಸಿದ ಇಲಿಗಳಿಗೆ ಥೈರಾಯ್ಡ್ ಗಡ್ಡೆ ಬಂದಿತ್ತಂತೆ. ನಮ್ಮ ಮನೆಯವಳ ಕೊರಳಲ್ಲಿ ಮೊನ್ನೆ ಗಂಟು ಕಂಡಿದೆ. ಇಲಿಯ ಮಾತು ಮನುಷ್ಯರಿಗೂ ಅನ್ವಯಿಸುತ್ತಾ?

ಶಹಾಪುರದವ: ನಾನು ಅದನ್ನು ಬಿಟ್ಟು ಎರಡು ವರ್ಷ ಆಯ್ತು. ಎರಡೆಕರೆಗೆ ಬರೀ ಬೇವಿನೆಣ್ಣೆ, ಒಂಬತ್ತು ಸಲ. ಪ್ರತಿ ಸಲ ಇಬ್ಬರು ಆಳು, ತಲೆಗೆ 500. ಎಣ್ಣೆ ಲೀಟರಿಗೆ 420. ಆದರೂ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳ ಬಿಡಲಿಲ್ಲ. ಎಲೆಗಳು ಅಂಚು ಮೇಲಕ್ಕೆತ್ತಿ ದೋಣಿಯಂತೆ ಮಡಚಿಕೊಂಡವು. 22 ಕ್ವಿಂಟಾಲ್ ಬರುವಲ್ಲಿ ಬಂದದ್ದು 7. ಸಾಲ ಇನ್ನೂ ತೀರಿಲ್ಲ. ಆದರೆ ಸಂಜೆ ಪಂಪು ಇಳಿಸಿದ ಕೂಡಲೇ ಬರುತ್ತಿದ್ದ ತಲೆನೋವು ಹೋಯ್ತು. ಯಾರೇನೇ ಅನ್ನಲಿ, ನಾನು ಮಾಡಿದ್ದೇ ಸರಿ.

ಬೀದರ್ ಲ್ಯಾಬಿನವ: ತಲೆನೋವಿಗೂ ಗಡ್ಡೆಗೂ ಏನ್ರೀ ಸಂಬಂಧ? ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸದೆ ಹೊಡೆದಿರಬೇಕು ನೀವು. ಹೈದರಾಬಾದಿನಲ್ಲಿ ಒಂಬತ್ತು ವರ್ಷ ದಿನಾ ಇಲಿ ತೂಗಿದವನು ನಾನು. ಬೆರಳಲ್ಲಿ ಕಚ್ಚಿದ ಗುರುತು ಇನ್ನೂ ಇದೆ. ಆ ಗಡ್ಡೆ ಬಂದದ್ದು ವರ್ಷಗಟ್ಟಲೆ 300 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 300 ಪಾಲು ಫಿಪ್ರೊನಿಲ್ ಬೆರೆಸಿದ ಆಹಾರ ತಿಂದ ಇಲಿಗೆ. ಅದರಿಂದ ಇಲಿಯ ಲಿವರ್ ಚುರುಕಾಗಿ ಥೈರಾಯ್ಡ್ ಹಾರ್ಮೋನನ್ನು ಹೊರಹಾಕುತ್ತದೆ, ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಟಿಎಸ್ಎಚ್ ಹಾರ್ಮೋನು ಏರುತ್ತದೆ, ಗ್ರಂಥಿ ದುಡಿದು ದುಡಿದು ಊದುತ್ತದೆ. ಇಲಿಯ ರಕ್ತದಲ್ಲಿ ಆ ಹಾರ್ಮೋನು ಅರ್ಧಕ್ಕಿಳಿಯಲು ಸುಮಾರು 12 ಗಂಟೆ ಸಾಕು. ನಮ್ಮಲ್ಲಿ 5ರಿಂದ 9 ದಿನ ಬೇಕು, ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ನಮಗಿದೆ. ಇಷ್ಟಾದರೂ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಫಿಪ್ರೊನಿಲ್ ಅನ್ನು ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೇ ಸೇರಿಸಿತ್ತು, ಅದು ಬೇರೆ ಮಾತು.

ಕಲಬುರಗಿ ಅಕ್ಕ: ಈ ಇಲಿ ಕಥೆ ನಂಬಿ ನಮ್ಮಪ್ಪ ಕೆಟ್ಟರು. ಶುಗರ್ ಇತ್ತು, ಚಹಾಕ್ಕೆ ಸ್ಯಾಕರಿನ್ ಗುಳಿಗೆ. ಇಲಿಗೆ ಮೂತ್ರಕೋಶದ ಕ್ಯಾನ್ಸರ್ ಬಂತು, ಕೆನಡಾ 1977ರಲ್ಲೇ ನಿಷೇಧಿಸಿದೆ ಅಂತ ಯಾರೋ ಹೇಳಿದರು. ಮರುದಿನವೇ ಸಕ್ಕರೆಗೆ ವಾಪಸ್! ಕಾಲಿಗೆ ಹುಣ್ಣಾಯ್ತು. ದಿನಕ್ಕೆ 60 ರೂಪಾಯಿ ಡ್ರೆಸಿಂಗ್, ಹನ್ನೊಂದು ತಿಂಗಳು. ಕೊನೆಗೆ ಎರಡು ಬೆರಳು ತೆಗೆದರು. ಆಮೇಲೆ 2000ದಲ್ಲಿ ಅಮೆರಿಕದವರು ಸ್ಯಾಕರಿನ್ ಮೇಲಿದ್ದ ಎಚ್ಚರಿಕೆ ಚೀಟಿಯನ್ನೇ ಕಿತ್ತರು. ಗಂಡಿಲಿಯ ಮೂತ್ರದಲ್ಲಿ ಏನೋ ಹರಳು ಕಟ್ಟುತ್ತಿತ್ತಂತೆ, ನಮ್ಮಲ್ಲಿ ಹಾಗಾಗಲ್ಲವಂತೆ.

ಸುರಪುರದವ: ಅಕ್ಕಾ, ಇಲಿ ಸುಳ್ಳು ಅಂತ ಎದೆ ತಟ್ಟಬೇಡಿ. ಪಿವಿಸಿ ಪ್ಲಾಸ್ಟಿಕ್ ಮಾಡಲು ಬಳಸುವ ವಿನೈಲ್ ಕ್ಲೋರೈಡಿನಿಂದ ಇಲಿಗೆ ಗಡ್ಡೆ ಬರುತ್ತದೆ ಅಂತ 1971ರಲ್ಲೇ ಅಚ್ಚಾಗಿತ್ತು. ಕಾರ್ಖಾನೆಯವರ ಲಿವರ್ ಕ್ಯಾನ್ಸರ್ ಬಯಲಾದದ್ದು 1974ರಲ್ಲಿ. ನಮ್ಮ ತಾಲೂಕಿನ ಕಿರದಳ್ಳಿ ತಾಂಡಾದ ನೀರಲ್ಲಿ ಆರ್ಸೆನಿಕ್ ಸಿಕ್ಕಿತಲ್ಲ, ಅದರದ್ದು ಉಲ್ಟಾ. 1980ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ ಹೇಳಿದಾಗ ಪ್ರಾಣಿಗಳಲ್ಲಿ ಪುರಾವೆಯೇ ಸಾಲದಿತ್ತು. ಇಲಿ ಚೆನ್ನಾಗಿದೆ ಅಂತ ಆ ನೀರು ಕುಡಿಯೋಣವಾ ಲ್ಯಾಬ್ ಸಾಹೇಬರೇ? ನಾನು 18,000 ಕೊಟ್ಟು ಫಿಲ್ಟರ್ ಹಾಕಿಸಿದೆ, ಮೂರು ಸಲ ಮೆಂಬ್ರೇನ್ ಬದಲಾಯಿಸಿದೆ. ಕರೆಂಟಿಲ್ಲದ ದಿನ ಅದೂ ಸುಮ್ನೆ ಡಬ್ಬಿ.

ಬೀದರ್ ಲ್ಯಾಬಿನವ: ನೀರು ಕುಡಿಯಿರಿ ಅಂತ ನಾನೆಲ್ಲಿ ಅಂದೆ? ಗಡ್ಡೆ ಹೇಗೆ ಹುಟ್ಟಿತು ನೋಡಿ, ಆ ದಾರಿ ನಮ್ಮ ಮೈಯಲ್ಲೂ ಇದೆಯಾ ನೋಡಿ ಅಂದೆ. ಓದಲು ಬರುತ್ತೆ ಅಲ್ವಾ?

ಸುರಪುರದವ: ಸಂಬಳ ಕೊಟ್ಟವರ ಪರ ಮಾತಾಡೋದು ಸುಲಭ.

ಯಾದಗಿರಿ ರೈತ: ಗುರುವಾರ ಗಂಟಿಗೆ ಸೂಜಿ ಹಾಕಿ ನೋಡುತ್ತಾರಂತೆ. ಅಲ್ಲಿವರೆಗೆ ಔಷಧ ಹೊಡೆಯಲಾ, ನಿಲ್ಲಿಸಲಾ? ಅಷ್ಟಾದರೂ ಹೇಳ್ರಪ್ಪಾ.

ಶಹಾಪುರದವ: ಸೋಪಿನ ನೀರು ಬೆರೆಸಿದ್ದೆ ರೀ. ಸೋಪಿನ ಬಿಲ್ಲೂ ಇದೆ.